ಶಿಲುಬೆ ತಿರುವಿನ ಮೂರು ಹಾರ್ನ್

ಬೆಳಿಗ್ಗೆ ಏಳೂ ಇಪ್ಪತ್ತೈದಾಯಿತೆಂದರೆ ಲೂರ್ದಿನಳ ಕಿವಿ ಮನೆಯಲ್ಲಿರುವುದಿಲ್ಲ. ಕೈ ಚಹಾ ಸೋಸುತ್ತಿರುತ್ತದೆ, ಕಿವಿ ಮಾತ್ರ ಗಂಡನ ಬೈಕಿನ ಹಿಂದೆ ಇಳಿಜಾರಿನಲ್ಲಿ ಓಡುತ್ತಿರುತ್ತದೆ. ಮೊದಲು ಶಿಲುಬೆ ತಿರುವಿನಲ್ಲಿ ಮೂರು ಹಾರ್ನ್. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತೇ ಅವಳಿಗೆ ಬಲು ಉದ್ದ. ಕೊನೆಗೆ ಕೆಳಗಿನ ಧಕ್ಕೆಯಲ್ಲಿ ಫೆರಿ ದೋಣಿಯ ಸರಪಳಿ ಗರಗರನೆ ಏಳುವ ಸದ್ದು. ಅದು ಕೇಳಿಸಿದ ಮೇಲೆಯೇ ಅವಳು ತನ್ನ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದು.

ಗಂಡ ಇನಾಸ್ ಪೈಲಟ್. ಹಳದಿ ಮಡ್‌ಗಾರ್ಡಿನ ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು ಪಣಜಿಯಲ್ಲಿ ಬಾಡಿಗೆ ಹೊಡೆಯುವವನು. ಬೆಳಿಗ್ಗೆ ಆ ಹಿಂದಿನ ಸೀಟು ಮಗಳು ನಾತಿಯದು. ಅವಳ ಶಾಲೆ ನದಿಯ ಆಚೆ.

ಅವರ ಊರು ಗೋವೆಯ ಮಾಂಡವಿ ನದಿಯ ನಡುವಿನ ನಡುಗಡ್ಡೆ, ಅಲ್ಲಿಗೆ ಸೇತುವೆ ಇಲ್ಲ. ಏಳೂವರೆಯ ಫೆರಿ ತಪ್ಪಿದರೆ ಮುಂದಿನದು ಎಂಟಕ್ಕೆ. ವರ್ಷಗಳ ಹಿಂದೆ, ಹೆರಿಗೆ ನೋವಿನ ಹೆಂಗಸನ್ನು ಕರೆತರುತ್ತಿದ್ದ ರಿಕ್ಷಾದವನೊಬ್ಬ ತಿರುವಿನಿಂದಲೇ ಮೂರು ಸಲ ಹಾರ್ನ್ ಹೊಡೆದನಂತೆ. ಫೆರಿ ನಡೆಸುವ ಗುರುದಾಸ ತಾಂಡೇಲ ಸರಪಳಿಯಿಂದ ಎತ್ತಿದ್ದ ಕಬ್ಬಿಣದ ಹಲಗೆಯನ್ನು ಮತ್ತೆ ಇಳಿಸಿ ಕಾದನಂತೆ. ಒಳ್ಳೆಯ ಮನಸ್ಸಿನಿಂದ ಆದ ಆ ಒಂದು ಕೆಲಸ ಊರಿಗೆಲ್ಲ ಅಭ್ಯಾಸವಾಯಿತು. ಈಗ ತಡವಾಗಿ ಎದ್ದವರೆಲ್ಲ ಮೂರು ಹಾರ್ನ್ ಹೊಡೆಯುತ್ತಾರೆ. ತಾಂಡೇಲ ಕಾಯುತ್ತಾನೆ. ಅವನನ್ನು ಹೆಚ್ಚು ಕಾಯಿಸುವುದು ಮರ್ಯಾದೆಯಲ್ಲ ಎಂದು ಇಳಿಜಾರಿನಲ್ಲಿ ಜೀವದ ಹಂಗಿಲ್ಲದೆ ಓಡಿಸುತ್ತಾರೆ.

ಹದಿನೈದು ದಿನದ ಹಿಂದೆ ಪ್ರವಾಸಿಗರ ಬಾಡಿಗೆ ಜೀಪೊಂದು ಇದನ್ನೇ ನೋಡಿ ಕಲಿತು, ಮೂರು ಹಾರ್ನ್ ಹೊಡೆದು ಇಳಿಯಿತು. ಸೈಕಲ್ಲಿನಲ್ಲಿ ಪಾವ್ ಮಾರುವ ಜುಜೆಗೆ ತಾಗಿತು. ಜುಜೆಯ ಹೆಗಲ ಮೂಳೆ ಮುರಿಯಿತು. ಬುಟ್ಟಿಯ ಪಾವೆಲ್ಲ ಗದ್ದೆಯ ನೀರು ಪಾಲಾಯಿತು.

ಪಂಚಾಯಿತಿ ನೋಟಿಸು ಅಂಟಿಸಿತು. ಇಳಿಜಾರಿನಲ್ಲಿ ಮೂರು ಉಬ್ಬು, ವೇಗಕ್ಕೆ ಮಿತಿ, ಫೆರಿ ಬಿಡುವ ಎರಡು ನಿಮಿಷ ಮೊದಲೇ ಧಕ್ಕೆಗೆ ಅಡ್ಡಗಂಬ, ಮೀರಿದವರಿಗೆ ದಂಡ. ಭಾನುವಾರದ ಗ್ರಾಮಸಭೆ ಒಪ್ಪಿದರೆ ಸರಕಾರಕ್ಕೆ ಬರೆಯುವುದು. ಬೇಡ ಎನ್ನುವವರ ಪರವಾಗಿ ಮಾತಾಡಲು ಎಲ್ಲರೂ ಇನಾಸನನ್ನೇ ಮುಂದೆ ಮಾಡಿದ್ದರು.

ಶನಿವಾರ ಸಂಜೆ ಪಕ್ಕದ ಮನೆಯ ನರ್ಸ್ ಸುಲಕ್ಷಾ, ಜುಜೆಯ ಪಟ್ಟಿ ಬದಲಿಸಿ ಬರುತ್ತಾ ಲೂರ್ದಿನಳ ಜಗಲಿಯಲ್ಲಿ ಕೂತಳು.

"ಏನು ಪಾತ್ರಾಂವ್, ನಾಳೆ ಭಾಷಣವಂತೆ?" ಎಂದು ಇನಾಸನನ್ನು ಕೆಣಕಿದಳು. ಅಲ್ಲಿ ಯಜಮಾನರನ್ನು ಕರೆಯುವುದು ಹಾಗೆ, ಛೇಡಿಸುವುದೂ ಹಾಗೆಯೇ.

"ಭಾಷಣ ಅಲ್ಲ ಸುಲಕ್ಷಾಬಾಯಿ, ನ್ಯಾಯ. ನನ್ನ ಬೈಕು, ನನ್ನ ಜೀವ. ಇವತ್ತು ಎಷ್ಟು ಜೋರಾಗಿ ಹೋಗ್ಬೇಕು ಅಂತಾರೆ, ನಾಳೆ ಎಷ್ಟು ಫೆನಿ ಕುಡೀಬೇಕು ಅಂತಾರೆ."

"ಅದನ್ನ ನಾಳೆ ಯಾಕೆ, ಇವತ್ತೇ ಹೇಳಲಿ," ಎಂದಳು ಲೂರ್ದಿನ್.

ಇನಾಸ್ ನಗಲಿಲ್ಲ. "ನೋಡಿ, ಜುಜೆ ಬಿದ್ದ ದಿನದಿಂದ ಬೆಳಗಾಗೋಕೆ ಮುಂಚೆ ಎದ್ದು ಮನೆಮನೆಗೆ ಅವನ ಪಾವ್ ಹಾಕ್ತಿರೋನು ಯಾರು? ನಾನು. ಯಾವ ಕಾನೂನು ಹೇಳ್ತು ನಂಗೆ? ನಮ್ಮೂರಲ್ಲಿ ಜನ ತಾವಾಗೇ ಒಳ್ಳೇವ್ರು. ಬಿಟ್ಟುಬಿಡಿ ಅವರನ್ನ."

ಅದು ನಿಜವೇ ಆಗಿತ್ತು. ಜುಜೆಯ ಹೆಂಡತಿ ಕೇಳುವ ಮೊದಲೇ ಹೋಗಿ ಬುಟ್ಟಿ ಎತ್ತಿಕೊಂಡು ಬಂದವನು ಅವನು.

ಸುಲಕ್ಷಾ ಬಿಡಲಿಲ್ಲ. "ಬಿದ್ದೋರನ್ನ ಎತ್ತೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಇನಾಸ್. ಬೀಳಿಸ್ದೇ ಇರೋದು ಬೇರೆ ವಿದ್ಯೆ. ಫೆರಿ ಅಂಚಿಗೆ ಅಡ್ಡ ಕಟ್ಟಿರೋ ಸರಪಳಿ ದಾಟಿ ನಿಂತಿದೀರಾ ಯಾವತ್ತಾದ್ರೂ?"

"ಯಾರು ನಿಲ್ತಾರೆ? ತಾಂಡೇಲ ಕತ್ತು ಹಿಡಿದು ಆಚೆ ಹಾಕ್ತಾನೆ."

"ಐವತ್ತು ವರ್ಷ ಆ ಸರಪಳಿ ಈಚೆ ನಿಂತ್ರಿ. ನಿಮ್ಮ ಸ್ವಾತಂತ್ರ್ಯ ಮಾಂಡವೀಲಿ ಮುಳುಗಿ ಹೋಯ್ತಾ? ನೀರಿನ ಮೇಲೆ ಒಪ್ಪೋ ಮಾತು, ನೆಲದ ಮೇಲೆ ಯಾಕೆ ಕಹಿ?"

"ನಂಗೆ ನಲವತ್ತಾರೇ," ಎಂದ ಇನಾಸ್. ಮರುಗಳಿಗೆ ಮತ್ತೆ ಸಿಡಿದ. "ದಂಡ ಹಾಕೋದು ಯಾರಿಗೆ? ನಮ್ಮಂಥ ಪೈಲಟ್‌ಗಳಿಗೆ. ಜೀಪಿನೋರು ಫೋನ್ ಮಾಡಿ ಬಿಡಿಸ್ಕೋತಾರೆ."

"ಇದು ಸರಿಯಾದ ಮಾತು. ನಾಳೆ ಇದನ್ನ ಹೇಳಿ," ಎಂದಳು ಸುಲಕ್ಷಾ. ಹೊರಡಲು ಎದ್ದವಳು ನಾತಿಯ ಕಡೆ ತಿರುಗಿದಳು. "ಪುಟ್ಟಿ, ತಿರುವಿನ ಶಿಲುಬೆಗೆ ಹೊಸ ಬಣ್ಣ ಹೊಡೆದಿದಾರಲ್ಲ, ಚೆನ್ನಾಗಿದೆಯಾ?"

ನಾತಿ ಅವಳ ಮುಖ ನೋಡಿದಳು. "ಹೊಸ ಬಣ್ಣನಾ? ಯಾವ ಬಣ್ಣ?"

"ದಿನಾ ಅದರ ಮುಂದೇ ಹೋಗ್ತೀಯಲ್ಲೇ! ತಿಂಗಳಾಯ್ತು ನೀಲಿ ಹೊಡೆದು," ಎಂದಳು ಲೂರ್ದಿನ್.

"ನಾನು ಅಲ್ಲಿ ಕಣ್ಣು ಮುಚ್ಕೊಂಡಿರ್ತೀನಿ ಮಾಯ್," ಎಂದಳು ಹುಡುಗಿ ಅಮ್ಮನಿಗೆ, ಎಲ್ಲರೂ ಹಾಗೇ ಮಾಡುತ್ತಾರೇನೋ ಎಂಬಂತೆ. ಅಪ್ಪನತ್ತ ಬೆರಳು ತೋರಿಸಿದಳು. "ಪಾಯ್ ಹಾರ್ನ್ ಹೊಡೆದ ತಕ್ಷಣ ಮುಚ್ಚೋದು. ಸರಪಳಿ ಸದ್ದು ಬಂದ್ಮೇಲೆ ತೆಗೆಯೋದು."

ಇಷ್ಟು ದಿನ ಆ ಸರಪಳಿಗಾಗಿ ಕಾಯುತ್ತಿದ್ದವಳು ತಾನೊಬ್ಬಳೇ ಎಂದು ಲೂರ್ದಿನ್ ಅಂದುಕೊಂಡಿದ್ದಳು.

ಇನಾಸ್ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಯಾಕೆ ಮಗಾ ನಂಗೆ ಹೇಳ್ಲಿಲ್ಲ?"

"ನೀನು ಅಲ್ಲಿ ಹಾಡು ಹೇಳ್ತಿರ್ತೀಯಲ್ಲ ಪಾಯ್. ಅಷ್ಟು ಖುಷೀಲಿ ಇರ್ತೀಯ. ನಿಲ್ಲಿಸ್ಬಿಡ್ತೀಯೇನೋ ಅಂತ."

ಆ ಸಂಜೆ ಊಟಕ್ಕೆ ಕೂತಾಗ ಇನಾಸ್ ಎರಡು ಸಲ ಎದ್ದು ಬೈಕಿನ ಬಳಿ ಹೋಗಿ ಸುಮ್ಮನೆ ಸೀಟು ಒರೆಸಿ ಬಂದ. ನಾಳೆ ಏನು ಹೇಳುತ್ತಾನೆಂದು ಕೇಳಲು ಲೂರ್ದಿನಳಿಗೆ ಧೈರ್ಯ ಬರಲಿಲ್ಲ.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಸಭೆ. ತಾಂಡೇಲನೇ ಮೊದಲು ಎದ್ದ. "ನಾನು ಕಾಯ್ತಿದ್ದದ್ದು ಪ್ರೀತಿಗೆ. ಈಗ ಮೂರು ಹಾರ್ನ್ ಕೇಳಿದ್ರೆ ಕೆಲಸ ಬಿಟ್ಟು ರಸ್ತೆ ನೋಡ್ತೀನಿ. ನನ್ನನ್ನ ನಂಬ್ಕೊಂಡು ಯಾರು ಸಾಯೋಕೆ ಬರ್ತಿದಾರೋ ಅಂತ," ಎಂದು ಕೂತುಬಿಟ್ಟ.

ಇನಾಸ್ ಎದ್ದ. ಹಿಂದಿನಿಂದ ಗೆಳೆಯರು, "ಹೇಳು ಪಾತ್ರಾಂವ್, ಬಿಡಬೇಡ!" ಎಂದು ಕೂಗಿದರು. ಲೂರ್ದಿನ್ ಸೆರಗಿಲ್ಲದ ಫ್ರಾಕಿನ ಅಂಚನ್ನೇ ಬೆರಳಿಗೆ ಸುತ್ತುತ್ತಿದ್ದಳು.

"ನಂಗೆ ಈ ಕಾನೂನು ಇಷ್ಟ ಇಲ್ಲ," ಎಂದ ಇನಾಸ್. ಚಪ್ಪಾಳೆ ಬಿತ್ತು. "ಇಷ್ಟ ಇಲ್ಲ, ಆದ್ರೂ ಹಾಕಿ. ನನ್ನ ಜೀವ ನಂದು ಅಂತಿದ್ದೆ. ನನ್ನ ಹಿಂದಿನ ಸೀಟಲ್ಲಿ ಕಣ್ಣು ಮುಚ್ಕೊಂಡು ಕೂತಿರೋ ಜೀವ ನಂದಲ್ಲ. ಜುಜೇದೂ ನಂದಲ್ಲ. ಎರಡೇ ಮಾತು. ನಂಗೆ ಎಷ್ಟು ದಂಡವೋ ಜೀಪಿಗೂ ಅಷ್ಟೇ. ಕಾಯಿಲೆಯವರು ಬಂದ್ರೆ ಫೆರಿ ಕಾಯಬೇಕು."

"ಕಾಯಿಲೆಯವರಿಗೆ ಬೇಕಾದ್ರೆ ಫೆರೀನೇ ಗುಡ್ಡ ಹತ್ತಿಸ್ತೀನಿ!" ಎಂದ ತಾಂಡೇಲ. ಸಭೆ ನಕ್ಕಿತು. ಕೈಗಳು ಮೇಲೆದ್ದವು, ಎಲ್ಲರದ್ದೂ ಅಲ್ಲ, ಆದರೆ ಸಾಕಾಗುವಷ್ಟು.

ಉಬ್ಬು, ಅಡ್ಡಗಂಬ ಬರಲು ಎರಡು ತಿಂಗಳು ಹಿಡಿಯಿತು. ಇನಾಸ್ ಅಷ್ಟು ದಿನ ಕಾಯಲಿಲ್ಲ. ಸೋಮವಾರವೇ ಏಳೂ ಹತ್ತಕ್ಕೆ ಬೈಕು ಹೊರಡಿಸಿದ. ಲೂರ್ದಿನ್ ಕಿವಿಗೊಟ್ಟಳು. ಹಾರ್ನ್ ಇಲ್ಲ, ಏನೂ ಇಲ್ಲ. ಅಭ್ಯಾಸಬಲದ ಕಳವಳ ಸುಮ್ಮನಿರಲು ಬಿಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ತಿರುವಿನ ತನಕ ಓಡಿದಳು. ಕೆಳಗೆ ಬೈಕು ನಿಧಾನಕ್ಕೆ ಇಳಿಯುತ್ತಿತ್ತು, ಗಾಳಿಯಲ್ಲಿ ಹಾಡು ತೇಲಿ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ನಾತಿ ಕತ್ತು ಹಿಂದಕ್ಕೆ ತಿರುಗಿಸಿ, ಕಣ್ಣರಳಿಸಿ ನೀಲಿ ಶಿಲುಬೆಯನ್ನು ನೋಡುತ್ತಿದ್ದಳು.

ಓದುವ ಅಕ್ಕ, ಅಣ್ಣ, ನಿಮ್ಮ ಊರಿನಲ್ಲಿ ಫೆರಿ ಇಲ್ಲದಿರಬಹುದು, ತಿರುವು ಇದ್ದೇ ಇರುತ್ತದೆ. ವೇಗದ ಮಿತಿ ಬರೆದ ಫಲಕ ಕಂಡಾಗ ಪೊಲೀಸರು ಇದ್ದಾರೋ ಇಲ್ಲವೋ ಎಂದು ನೋಡಬೇಡಿ. ಹತ್ತು ನಿಮಿಷ ಮೊದಲು ಹೊರಡಿ. ನಿಮ್ಮ ಪಂಚಾಯಿತಿ ಇಂಥ ನಿಯಮ ತಂದರೆ ಸಭೆಗೆ ಹೋಗಿ, ಎಲ್ಲರಿಗೂ ಒಂದೇ ದಂಡ ಇರಲಿ ಎಂದು ಕೇಳಿ, ಆಮೇಲೆ ಕೈ ಎತ್ತಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಹಿಂದೆ ಕೂರುವ ಮಗುವನ್ನು ಒಂದು ಮಾತು ಕೇಳಿ: "ದಾರಿಯಲ್ಲಿ ನೀನು ಎಲ್ಲಿ ಕಣ್ಣು ಮುಚ್ಚಿಕೊಳ್ಳುತ್ತೀಯ?" ಅದು ಹೇಳಿದ ಜಾಗದಲ್ಲಿ, ನಾಳೆಯಿಂದ, ನಿಧಾನ.