ಸೀಸ ಬೇಡವೆಂದ ವೆಂಕಟಾಚಲಂ

ಓಮಲೂರಿನ ಹೊರವಲಯದಲ್ಲಿ ಫೈಬರ್ ನೀರಿನ ಟ್ಯಾಂಕು ಮಾಡುತ್ತಿದ್ದ ವೆಂಕಟಾಚಲಂ ಅವರಿಗೆ ತೊಂಬತ್ತಾರನೇ ಇಸವಿಯಲ್ಲಿ ದೋಣಿಯ ಹುಚ್ಚು ಹಿಡಿಯಿತು. ಪಾರ್ಕಿನ ಕೊಳಗಳಿಗೆ ಕಾಲಲ್ಲಿ ತುಳಿಯುವ ಹಂಸದೋಣಿ ಮಾಡಿ ಕೈ ಪಳಗಿತ್ತು. ಈಗ ಹಾಯಿ ಬಿಚ್ಚಿ ಸಮುದ್ರ ದಾಟುವ ದೋಣಿ ಬೇಕು, ಅದೂ ಒಂದೇ ಅಚ್ಚಿನಿಂದ ವರ್ಷಕ್ಕೆ ಆರು! ನಕ್ಷೆ ಬರೆಯಲು ಸೇಲಂನಿಂದ ಭಾರ್ಗವಿಯನ್ನು ಕರೆಸಿದರು. ಹಡಗು ಕಟ್ಟುವ ವಿದ್ಯೆ ಓದಿ ಬಂದವಳು, ಊರಲ್ಲಿ ಅದಕ್ಕೆ ಕೆಲಸ ಸಿಗದೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದಳು.

ಆರು ತಿಂಗಳು ಇಬ್ಬರಿಗೂ ಜಗಳವೇ ಜಗಳ. ಅಲೆಗೆ ಉರುಳಿ ಬೀಳದಂತೆ ಮಲಗುವ ಹಲಗೆ ಕಿರಿದಾಗಿರಲಿ ಎಂದು ಅವಳಂದರೆ, ಅವರಿಗೆ ಡಬಲ್ ಕಾಟ್ ಬೇಕು. ಅವಳು ಅಡುಗೆಕೋಣೆಯಲ್ಲಿ ಪಾತ್ರೆ ಉರುಳದಂತೆ ತೂಗಾಡುವ ಒಲೆ ಬರೆದರೆ, ಅವರು ಪಕ್ಕದಲ್ಲಿ ಗ್ರೈಂಡರಿಗೆ ಜಾಗ ಕೇಳುವರು. ಅದೆಲ್ಲ ಹೇಗೋ ಬಗೆಹರಿಯಿತು. ಬಗೆಹರಿಯದೆ ಉಳಿದದ್ದು ಸೀಸ.

ದೋಣಿಯ ಹೊಟ್ಟೆಯಡಿ ಮೀನಿನ ರೆಕ್ಕೆಯಂತೆ ನೀರಿಗಿಳಿಯುವ ಭಾಗದಲ್ಲಿ ಮೂರು ಟನ್ ಸೀಸ ತುಂಬಬೇಕೆಂದು ಭಾರ್ಗವಿ ಬರೆದಿದ್ದಳು.

"ಎನ್ನಮ್ಮಾ ಇದು? ತೇಲೋ ದೋಣಿಗೆ ಸೀಸ ಯಾಕೆ, ಮುಳುಗಿಸೋಕಾ?"

"ಗಾಳಿ ಹಾಯಿನ ತಳ್ಳಿದಾಗ ಮಗುಚಬಾರದಲ್ಲ ಸಾರ್."

"ನನ್ನ ಹಂಸ ಒಂದಾದ್ರೂ ಮಗುಚೈತಾ?"

ಹಂಸಕ್ಕೆ ಹಾಯಿಯಿಲ್ಲ ಎಂದು ಹೇಳಿ ಹೇಳಿ ಭಾರ್ಗವಿಗೆ ಸಾಕಾಗಿತ್ತು. ಒಂದು ದಿನ ತಟ್ಟನೆ ಒಪ್ಪಿಕೊಂಡಳು.

"ಆಯ್ತು ಸಾರ್, ಸೀಸ ಬೇಡ. ಮೊದಲು ಇದೇ ಆಕಾರದ ಹನ್ನೆರಡಡಿ ದೋಣಿ ಮಾಡೋಣ. ಮೆಟ್ಟೂರು ಡ್ಯಾಮಿನ ನೀರಲ್ಲಿ ನೀವೇ ಕೂತು ಓಪನಿಂಗ್ ಮಾಡಿ."

ಅವರು ಉಬ್ಬಿಹೋದರು.

ಭಾರ್ಗವಿ ಮೊದಲೇ ಕೊಳತ್ತೂರಿಗೆ ಹೋಗಿ, ಹಿನ್ನೀರಿನಲ್ಲಿ ಆಳ ಎದೆಮಟ್ಟ ಮೀರದ ಜಾಗ ಹುಡುಕಿ, ಮೀನು ಹಿಡಿಯುವ ಪುಟ್ಟಪ್ಪನನ್ನು ಗೊತ್ತುಮಾಡಿ ಬಂದಳು. ಓಪನಿಂಗ್ ದಿನ ದಡದಲ್ಲಿದ್ದ ದೋಣಿಯನ್ನು ಪುಟ್ಟಪ್ಪ ಸುತ್ತಿ ನೋಡಿ, ಅವಳ ಬಳಿ ಬಂದು ಮೆಲ್ಲಗೆ ಅಂದ: "ಮೇಡಂ, ಇದು ಮಗುಚ್ಕೊಳ್ತೈತೆ."

"ಗೊತ್ತು. ನಿಮ್ಮ ಪರಿಸಲು ಹತ್ತಿರದಲ್ಲೇ ಇರಲಿ."

ಅವನು ನಗು ತಡೆದುಕೊಂಡು ತನ್ನ ಹರಿಗೋಲಿನತ್ತ ಹೋದ.

ವೆಂಕಟಾಚಲಂ ಗರಿಗರಿ ವೇಷ್ಟಿಯುಟ್ಟು, ಕರ್ಪೂರ ಹಚ್ಚಿ, ತೆಂಗಿನಕಾಯಿ ಒಡೆದು ದೋಣಿ ಹತ್ತಿದರು. ಕೂತವರೇ ಕೈ ಬೀಸಿ ಕರೆದರು.

"ವಾಮ್ಮಾ! ನಕ್ಷೆ ಬರೆದೋಳು ದಡದಲ್ಲಿ ನಿಂತ್ರೆ ಎಂಗೆ?"

ಇದನ್ನು ಅವಳು ಎಣಿಸಿರಲಿಲ್ಲ. ಮೈಮೇಲೆ ಅಮ್ಮನ ಹೊಸ ರೇಷ್ಮೆ ಸೀರೆ. ಒಲ್ಲೆ ಎಂದರೆ ಗುಟ್ಟು ರಟ್ಟಾಗುತ್ತದೆ. ಸೆರಗು ಸಿಕ್ಕಿಸಿಕೊಂಡು ಹತ್ತಿದಳು.

ಹಾಯಿ ಏರಿತು, ಗಾಳಿ ತುಂಬಿತು. ವೆಂಕಟಾಚಲಂ "ಪಾತ್ತಿಯಾ, ನೋಡಿದ್ಯಾ!" ಎನ್ನುವಷ್ಟರಲ್ಲಿ ದೋಣಿ ಮಗ್ಗುಲಾಗಿ ಇಬ್ಬರನ್ನೂ ನೀರಿಗೆ ಸುರಿಯಿತು.

ಅವರು ಎದೆಮಟ್ಟದ ನೀರಲ್ಲಿ ನಿಂತು ಕಣ್ಣು ಒರೆಸಿಕೊಂಡರು. ಸಿದ್ಧನಾಗಿ ಬರುತ್ತಿದ್ದ ಪುಟ್ಟಪ್ಪನನ್ನು ನೋಡಿದರು, ಭಾರ್ಗವಿಯನ್ನು ನೋಡಿದರು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಮತ್ತೆ ಯಾಕೆ ಹತ್ತಿದೆ?"

"ನಾನು ಹತ್ತದಿದ್ರೆ ನೀವು ಇಳೀತಿದ್ರಿ."

ಬೈಗುಳಕ್ಕೆ ಅವಳು ಸಿದ್ಧಳಾದಳು. ಬಂದದ್ದು ನಗು, ಹೊಟ್ಟೆ ಕುಣಿದು ಸುತ್ತ ನೀರೆಲ್ಲ ಅಲೆಯೆದ್ದಿತು.

"ಮೂರು ಟನ್ ಸಾಕಾ? ನಾಲ್ಕು ಆಕೋಣ್ವಾ?"

"ಮೂರೇ ಸಾಕು ಸಾರ್."

ಮರುವರ್ಷ ಮೊದಲ ದೊಡ್ಡ ದೋಣಿ ಲಾರಿಯೇರಿ ಚೆನ್ನೈ ಸೇರಿತು. ಬಂದರು ದಾಟಿದೊಡನೆ ಜೋರುಗಾಳಿಗೆ ಅದು ವಾಲಿತು, ಒಂದು ಕ್ಷಣ ಹಾಗೇ ನಿಂತಿತು, ಮತ್ತೆ ನೆಟ್ಟಗಾಯಿತು. ಭಾರ್ಗವಿಯ ಎದೆ ತುಂಬಿ ಬಂತು. ವೆಂಕಟಾಚಲಂ ಮಾತ್ರ ಕಂಬಿ ತಬ್ಬಿಕೊಂಡು ಕಡಲಿಗೆ ಬಾಗಿ ವಾಂತಿ ಮಾಡುತ್ತಿದ್ದರು.

"ತಿರುಗಿಸಮ್ಮಾ, ದಡಕ್ಕೆ ತಿರುಗಿಸು!"

ಗಾಳಿಯ ಸದ್ದಿಗೆ ಕೇಳಿಸಲಿಲ್ಲವೆಂಬಂತೆ ಭಾರ್ಗವಿ ಚುಕ್ಕಾಣಿ ಹಿಡಿದು, ಇನ್ನೂ ಅರ್ಧ ಗಂಟೆ ನೇರ ಮೂಡಲಿಗೇ ಓಡಿಸಿದಳು.