ಅತ್ತೆಯ ಗ್ರಹ

ದೂರದ ಒಂದು ನಕ್ಷತ್ರದ ಸುತ್ತ ಹೊಸ ಗ್ರಹ ಸಿಕ್ಕಿರಬಹುದು ಎಂದು ಸೊಸೆ ಊಟದ ಹೊತ್ತಿನಲ್ಲಿ ಬಾಯಿತಪ್ಪಿ ಹೇಳಿದ್ದೇ ತಡ, ಅತ್ತೆ ಆ ‘ಇರಬಹುದು’ ಎಂಬುದನ್ನು ಮನೆಯಲ್ಲೇ ಬಿಟ್ಟು ಉಳಿದದ್ದನ್ನು ಬೀದಿಗೆ ಕೊಂಡೊಯ್ದರು. ಮೊದಲ ದಿನ ಅದು ಬರೀ ಗ್ರಹವಾಗಿತ್ತು. ಮಾರನೆಯ ದಿನ ಅಲ್ಲಿಗೆ ನೀರು ಬಂತು. ವಾರ ಕಳೆಯುವಷ್ಟರಲ್ಲಿ ಹವೆ ಚೆನ್ನಾಗಿದೆ, ಸೊಳ್ಳೆ ಕಾಟವಿಲ್ಲ ಎನ್ನುವಲ್ಲಿಗೆ ಬಂದು ನಿಂತಿತ್ತು.

ಸೊಸೆ ತಡೆಯಲಿಲ್ಲ. ಮದುವೆಯಾದಾಗಿನಿಂದ “ನಮ್ಮವಳು ಕಂಪ್ಯೂಟರಲ್ಲಿ ಗೆರೆ ನೋಡ್ತಾಳೆ” ಎಂದು ದನಿ ತಗ್ಗಿಸಿ ಹೇಳುತ್ತಿದ್ದ ಅತ್ತೆ ಈಗ ತಲೆಯೆತ್ತಿ ನಡೆಯುತ್ತಿದ್ದರು. ಅವಳಿಗೆ ಕೇಳದೆಯೇ ಎರಡನೇ ಸಲ ಬಡಿಸುತ್ತಿದ್ದರು.

ಅವಳು ನೋಡುವುದು ಗೆರೆಯನ್ನೇ, ಸುಳ್ಳಲ್ಲ; ನಕ್ಷತ್ರದ ಬೆಳಕಿನ ಏರಿಳಿತ ತೋರಿಸುವ ಗೆರೆ. ನಕ್ಷತ್ರದ ಮುಂದೆ ಗ್ರಹ ಹಾದುಹೋದರೆ ಬೆಳಕು ಕೂದಲೆಳೆಯಷ್ಟು ಕುಗ್ಗುತ್ತದೆ, ಗೆರೆಯಲ್ಲೊಂದು ತಗ್ಗು ಬೀಳುತ್ತದೆ. ಒಂದೇ ಗ್ರಹವಾದರೆ ತಗ್ಗುಗಳೆಲ್ಲ ಒಂದೇ ಆಳ ಇರಬೇಕು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಅವಳು ಅವನ್ನು ಒಂದು ಬಿಟ್ಟು ಒಂದರಂತೆ ಆರಿಸಿ ಹೋಲಿಸಿದಳು. ಒಂದು ಗುಂಪು ಆಳ, ಇನ್ನೊಂದು ತುಸು ಮೇಲೆ. ಅಂದರೆ ಗ್ರಹವಿಲ್ಲ, ಹೊಳಪು ಬೇರೆಬೇರೆಯಾದ ಎರಡು ನಕ್ಷತ್ರಗಳು ಸರದಿಯಂತೆ ಒಂದನ್ನೊಂದು ಮರೆಮಾಡುತ್ತಿವೆ.

ಮೇಲಧಿಕಾರಿ ಕನ್ನಡಕ ಒರೆಸಿಕೊಂಡು ನೋಡಿದರು. “ಓ, ಇದೂ ಹೋಯ್ತಾ? ಸರಿ, ಪಕ್ಕಕ್ಕಿಡಿ,” ಎಂದು ಟೀ ಕುಡಿಯಲು ಹೋದರು. ಅವರು ಗ್ರಹದ ಸುದ್ದಿಯನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಸಂಜೆ ಅತ್ತೆ ಬಟ್ಟೆ ಮಡಚುತ್ತಿದ್ದರು. ಸೊಸೆ ಎದುರಿಗೆ ಕೂತಳು.

“ಅತ್ತೆ, ಆ ಗ್ರಹ ಇಲ್ಲ.”

“ಇಲ್ಲ ಅಂದ್ರೆ? ಎಲ್ಲಿ ಹೋಯ್ತು?”

“ಹೋಗಿಲ್ಲ, ಇರಲೇ ಇಲ್ಲ. ಎರಡು ನಕ್ಷತ್ರ ಸೇರ್ಕೊಂಡು ನಮ್ಮನ್ನ ಆಟ ಆಡಿಸ್ತಿದ್ವು.”

ಅತ್ತೆಯ ಕೈ ನಿಂತಿತು. “ಮತ್ತೆ ನೀರು?”

“ನೀರು ನೀವು ಬಿಟ್ಟಿದ್ದು, ಅತ್ತೆ.”

ಅತ್ತೆ ಅಲ್ಲಗಳೆಯಲಿಲ್ಲ. “ನಿನ್ನ ಕೆಲಸಕ್ಕೇನೂ ಆಗಲ್ಲ ತಾನೆ?”

“ಇಲ್ಲ. ಹೆಚ್ಚಿನವು ಹೀಗೇ ಆಗೋದು. ಇಲ್ಲ ಅಂತ ಪತ್ತೆ ಹಚ್ಚೋದೂ ಕೆಲಸಾನೇ.”

“ಇಲ್ಲ ಅನ್ನೋಕೂ ಸಂಬಳ ಕೊಡ್ತಾರಾ! ಪತ್ತೆ ಹಚ್ಚಿದ್ಯಾರು?”

“ನಾನೇ.”

“ಬೇರೆ ಯಾರಿಗೂ ಗೊತ್ತಾಗ್ಲಿಲ್ವಾ?”

“ಇಲ್ಲ.”

ಅತ್ತೆ ಮಡಚಿದ್ದ ಟವೆಲನ್ನು ಬಿಡಿಸಿ ಮತ್ತೆ ಮಡಚಿದರು. ನಾಳೆಯಿಂದ ತಾನು ಪುನಃ ಗೆರೆ ನೋಡುವವಳೇ ಎಂದುಕೊಂಡಳು ಸೊಸೆ.

ಅಷ್ಟರಲ್ಲಿ ಕೆಳಗಿನ ಮನೆಯ ಟೈಲರಮ್ಮ ಇನ್ನೊಬ್ಬ ಹೆಂಗಸಿನೊಂದಿಗೆ ಬಂದು ಬಾಗಿಲು ತಟ್ಟಿದರು. “ನಮ್ಮಕ್ಕ ಬಂದಿದ್ದಾಳೆ ಕಣ್ರೀ. ಗ್ರಹದ ವಿಷಯ ನಿಮ್ಮ ಬಾಯಲ್ಲೇ ಕೇಳ್ಬೇಕಂತೆ.”

ಸೊಸೆಗೆ ಎದ್ದು ಒಳಗೆ ಹೋಗಿಬಿಡೋಣ ಅನಿಸಿತು.

“ಬನ್ನಿ, ಕೂತ್ಕೊಳ್ಳಿ,” ಎಂದರು ಅತ್ತೆ. “ಅದು ಗ್ರಹಾನೇ ಅಲ್ಲ. ಶುದ್ಧ ಮೋಸ. ಅಷ್ಟು ದೊಡ್ಡ ಆಫೀಸಲ್ಲಿ ಒಬ್ಬರಿಗೂ ಗೊತ್ತಾಗಿಲ್ಲ. ನಮ್ಮವಳೇ ಹಿಡಿದುಹಾಕಿದ್ದು.”

ಅಕ್ಕತಂಗಿಯರಿಬ್ಬರೂ ಸೊಸೆಯ ಕಡೆ ತಿರುಗಿದರು.

“ಎರಡು ನಕ್ಷತ್ರ,” ಅತ್ತೆ ಮುಂದುವರಿಸಿದರು. “ಅಣ್ಣತಮ್ಮಂದಿರು.”

ತಿದ್ದಬೇಕೆಂದು ಸೊಸೆ ಬಾಯಿ ತೆರೆದಳು.

“ಅದ್ರಲ್ಲಿ ಅಣ್ಣ ಯಾವುದು?” ಟೈಲರಮ್ಮನ ಅಕ್ಕ ಕೇಳಿದರು.

“ಅದಿನ್ನೂ ನೋಡಿಲ್ಲ,” ಎಂದಳು ಸೊಸೆ.

“ನಾಳೆ ನೋಡ್ತಾಳೆ,” ಎಂದರು ಅತ್ತೆ.