ಬದುಕಿರುವವರೆಗೆ ಅಂದರೆ ಯಾರು ಬದುಕಿರುವವರೆಗೆ?

ಕ್ಲೈಟಸ್‌ನನ್ನು ಮಣ್ಣು ಮಾಡಿ ಬಂದವರೆಲ್ಲ ಚರ್ಚಿನ ಹಿಂದಿನ ಹಾಲ್‌ನಲ್ಲಿ ಊಟಕ್ಕೆ ಕುಳಿತಿದ್ದರು. ಅಮೆರಿಕದ ಜಾರ್ಜಿಯ ರಾಜ್ಯದ ಆ ಸಣ್ಣ ಊರಿನಲ್ಲಿ ಅಂಚೆಯವನಾಗಿದ್ದ ಕ್ಲೈಟಸ್ ಕಾಗದ ಹಾಕದ ಮನೆಯೇ ಇರಲಿಲ್ಲ. ಹಾಗಾಗಿ ಸಾವಿನೂಟಕ್ಕೆ ಊರಿಗೆ ಊರೇ ಬಂದಿತ್ತು. ಲುವೀನಿಯ ಏಪ್ರನ್ ಕಟ್ಟಿಕೊಂಡು ಕರಿದ ಕೋಳಿ ಬಡಿಸುತ್ತಿದ್ದಳು. ಎಲ್ಲರೂ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರೆ, ಕ್ಲೈಟಸ್‌ನ ಮಾಜಿ ಹೆಂಡತಿ ಅರ್ನೆಸ್ಟೀನ್ ಮಾತ್ರ ತಟ್ಟೆ ಮುಟ್ಟಿರಲಿಲ್ಲ.

“ಒಂದು ತುತ್ತಾದ್ರೂ ತಿನ್ನು ಕಣೇ” ಎಂದಳು ಗೆಳತಿ ಲುವೀನಿಯ ಪಕ್ಕದಲ್ಲಿ ಕೂತು. “ಅವನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡಿದೀಯ ಅಂತ ಗೊತ್ತಿದ್ರೆ ನಾವೇ ನಿಂತು ಮತ್ತೆ ಮದುವೆ ಮಾಡಿಸ್ತಿದ್ವಲ್ಲೇ.”

ಅರ್ನೆಸ್ಟೀನ್ ನಗಲಿಲ್ಲ. “ನಿಂತೋಯ್ತು ಲುವೀನಿಯ.”

“ಏನು ನಿಂತೋಯ್ತು?”

“ಕ್ಲೈಟಸ್ ಪಿಂಚಣೀಲಿ ನನ್ನ ಪಾಲು. ಅವನು ತೀರ್ಕೊಂಡ ವಿಷಯ ತಿಳಿಸೋಣ ಅಂತ ಬೆಳಗ್ಗೆ ಪಿಂಚಣಿ ಕಚೇರಿಗೆ ಫೋನ್ ಮಾಡ್ದೆ. ‘ನಿಮಗಾದ ನಷ್ಟಕ್ಕೆ ವಿಷಾದವಿದೆ ಮೇಡಂ’ ಅಂದ್ಲು ಆ ಹುಡುಗಿ. ಸತ್ತವನ ಬಗ್ಗೆ ಹೇಳ್ತಿದಾಳೆ ಅಂದ್ಕೊಂಡೆ. ‘ಇನ್ಮೇಲೆ ನಿಮಗೆ ಏನೂ ಬರಲ್ಲ’ ಅಂದ್ಲು.”

ಲುವೀನಿಯಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿದ್ದು ಠಣ್ ಎಂದಿತು. ಆದರೂ ನಂಬಿಕೆ ಬರಲಿಲ್ಲ.

“ಏಯ್, ಸುಮ್ನಿರು. ಆ ಹುಡುಗಿಗೆ ಏನೂ ಗೊತ್ತಿಲ್ಲ. ನಿನಗೂ ನನಗೂ ಒಬ್ಬನೇ ವಕೀಲ, ಒಂದೇ ಥರದ ವಿಚ್ಛೇದನದ ಆದೇಶ. ನನಗೆ ಬಾಯಿಪಾಠ ಇದೆ ಕೇಳು: ‘ಗಂಡನ ಅಂಚೆ ಇಲಾಖೆಯ ಪಿಂಚಣಿಯಲ್ಲಿ ಅರ್ಧ ಪಾಲು, ಬದುಕಿರುವವರೆಗೆ ಹೆಂಡತಿಗೆ.’ ನೀನು ಬದುಕಿದೀಯ ತಾನೆ?”

“ನಾನು ಬದುಕಿದೀನಿ” ಎಂದಳು ಅರ್ನೆಸ್ಟೀನ್. “ಅವನು ಬದುಕಿಲ್ಲ. ಅದರಲ್ಲಿ ಯಾರು ಬದುಕಿರೋವರೆಗೆ ಅಂತಿದೆ, ಇನ್ನೊಂದ್ಸಲ ಹೇಳು ನೋಡೋಣ.”

ಲುವೀನಿಯ ಬಾಯಿ ತೆರೆದಳು. ವಾಕ್ಯವನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಗೆ ಓದಿಕೊಂಡಳು. ಇಷ್ಟು ವರ್ಷ ದೇವರ ವಾಕ್ಯದಂತೆ ನಂಬಿದ್ದ ಆ ಸಾಲಿನಲ್ಲಿ ಯಾರ ಹೆಸರೂ ಇರಲಿಲ್ಲ. ಹಾಲ್‌ನ ಗದ್ದಲವೆಲ್ಲ ದೂರ ಸರಿದಂತಾಯಿತು.

“ಅವನ ಪಿಂಚಣಿ ಅವನ ಜೊತೆಗೇ ಹೋಗುತ್ತೆ. ಪಿಂಚಣೀನೇ ಇಲ್ಲ ಅಂದ್ಮೇಲೆ ಅರ್ಧ ಎಲ್ಲಿಂದ?” ಎಂದಳು ಅರ್ನೆಸ್ಟೀನ್. “ಅವನು ಸತ್ತ ಮೇಲೂ ಬರಬೇಕು ಅಂದ್ರೆ ಅದು ಬೇರೆ ಹಕ್ಕಂತೆ. ಬದುಕುಳಿದವರ ಪಿಂಚಣಿ ಅಂತ. ಅದನ್ನ ಆದೇಶದಲ್ಲಿ ಬಾಯಿಬಿಟ್ಟು ಬರೆಸಬೇಕಿತ್ತು. ನಮ್ಮಿಬ್ಬರ ಆದೇಶದಲ್ಲೂ ಆ ಮಾತೇ ಇಲ್ಲ.”

“ಹಾಗಾದ್ರೆ ಈಗ ಹೋಗಿ ಬರೆಸು! ನ್ಯಾಯಾಧೀಶರು ಇದಾರಲ್ಲ?”

“ಕೇಳ್ದೆ. ಪಿಂಚಣಿ ಕಚೇರಿಯೋರು ಆಗಲ್ಲ ಅಂದ್ರು. ಅವನು ನಿವೃತ್ತಿ ಆದ್ಮೇಲೆ ಹಳೇ ಆದೇಶಾನ ತಿದ್ದಿ ತಂದ್ರೆ ಅವರು ಒಪ್ಪಲ್ವಂತೆ. ಬಾಗಿಲು ಅವತ್ತೇ ಮುಚ್ಚಿತ್ತು. ನನಗೆ ಇವತ್ತು ಗೊತ್ತಾಯ್ತು.” ಅವಳು ಲುವೀನಿಯಳ ಮಣಿಕಟ್ಟು ಹಿಡಿದಳು. “ಹೋಸಿಯಾ ನಿವೃತ್ತಿ ಯಾವಾಗ?”

ಹೋಸಿಯಾ ಲುವೀನಿಯಳ ಮಾಜಿ ಗಂಡ. ಅವನೂ ಅಂಚೆಯವನೇ. ಎದುರಿನ ಮೇಜಿನಲ್ಲಿ ಕೂತು ಕೇಕ್ ತಿನ್ನುತ್ತಿದ್ದ.

“ಈ ತಿಂಗಳ ಕೊನೇಲಿ” ಎಂದಳು ಲುವೀನಿಯ.

ಅವಳಿಗೆ ಸ್ವಂತ ಪಿಂಚಣಿ ಇರಲಿಲ್ಲ. ಮೂರು ಮಕ್ಕಳನ್ನು ಬೆಳೆಸಿ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಅವಳು ಮನೆಯಲ್ಲೇ ಉಳಿದಿದ್ದಕ್ಕೇ ಹೋಸಿಯಾ ಒಂದು ದಿನವೂ ತಪ್ಪದೆ ಕೆಲಸಕ್ಕೆ ಹೋಗಿದ್ದ. ಅವನಿಗೆ ಹೃದಯಾಘಾತವೂ ಒಮ್ಮೆ ಆಗಿತ್ತು.

ಅವಳು ಏಪ್ರನ್ ಬಿಚ್ಚದೆ ನೇರ ಅವನ ಮುಂದೆ ಹೋಗಿ ನಿಂತಳು. ವಿಷಯ ಕೇಳಿ ಹೋಸಿಯಾ ಫೋರ್ಕ್ ಕೆಳಗಿಟ್ಟ.

“ಕ್ಲೈಟಸ್ ಗೋರಿಯ ಮಣ್ಣು ಇನ್ನೂ ಹಸಿ ಇದೆ. ಆಗಲೇ ನನ್ನ ಸಾವಿನ ಲೆಕ್ಕ ಹಾಕ್ತಿದೀಯ?”

“ನೀನು ನೂರು ವರ್ಷ ಬದುಕು, ಬೇಡ ಅಂದೋರ್ಯಾರು! ಕಾಗದ ಹಾಕೋವಾಗ ನಾಯಿಗಳು ಅಟ್ಟಿಸ್ಕೊಂಡು ಬಂದಾಗಲೇ ಸಾಯದವನು ನೀನು” ಎಂದಳು ಲುವೀನಿಯ. “ಆದ್ರೆ ಒಂದು ವೇಳೆ ನೀನು ಮೊದಲು ಹೋದ್ರೆ ನಾನು ಬೀದಿಗೆ ಬೀಳಬೇಕಾ?”

“ಅದಕ್ಕೆ ನನ್ನ ಪಿಂಚಣೀಲಿ ಕಡಿತ ಆಗುತ್ತಲ್ವಾ?”

“ಆಗುತ್ತೆ” ಎಂದಳು ಹಿಂದೆಯೇ ಬಂದಿದ್ದ ಅರ್ನೆಸ್ಟೀನ್. “ಆ ಕಡಿತ ಅವಳ ಪಾಲಿಂದಲೇ ಹೋಗ್ಲಿ ಅಂತಾನೂ ಬರೆಸಬಹುದಂತೆ.”

“ನನ್ನ ಪಾಲಿಂದಲೇ ಹೋಗ್ಲಿ” ಎಂದಳು ಲುವೀನಿಯ.

ಹೋಸಿಯಾ ಸ್ವಲ್ಪ ಮೆತ್ತಗಾದ. “ಕೋರ್ಟು ಗೀರ್ಟು ಯಾಕೆ? ನಿವೃತ್ತಿ ಅರ್ಜೀಲಿ ನಾನೇ ನಿನ್ನ ಹೆಸರು ಹಾಕ್ತೀನಿ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?”

ಅರ್ನೆಸ್ಟೀನ್ ಅವನನ್ನೇ ನೋಡುತ್ತಿದ್ದಳು. “ಕ್ಲೈಟಸ್ಸೂ ಹೀಗೇ ಮಾತು ಕೊಟ್ಟಿದ್ದ ಹೋಸಿಯಾ, ಎಲ್ಲಾ ನಾನೇ ನೋಡ್ಕೋತೀನಿ ಅಂತ. ಒಳ್ಳೇ ಮನಸ್ಸಿಂದಲೇ ಹೇಳಿದ್ದ. ಆಮೇಲೆ ಮರೆತ.”

ಹೋಸಿಯಾ ತನ್ನ ಗೆಳೆಯ ಕ್ಲೈಟಸ್‌ನ ಫೋಟೋ ಇಟ್ಟಿದ್ದ ಕಡೆ ತಿರುಗಿದ. ಕೇಕಿನ ತಟ್ಟೆಯನ್ನು ದೂರ ತಳ್ಳಿದ.

“ಸೋಮವಾರ ವಕೀಲರ ಹತ್ರ ಹೋಗೋಣ. ನಾನೇ ಕಾರು ತರ್ತೀನಿ” ಎಂದ.

ಈ ಸಲ ಅವರು ಸರ್ಕಾರಿ ಪಿಂಚಣಿಯ ಕೆಲಸ ತಿಳಿದ ವಕೀಲೆಯನ್ನೇ ಹುಡುಕಿಕೊಂಡು ಹೋದರು. ತಿದ್ದಿದ ಆದೇಶಕ್ಕೆ ನ್ಯಾಯಾಧೀಶರು ಸಹಿ ಹಾಕಿದಾಗ ಹೋಸಿಯಾ ಇನ್ನೂ ಕೆಲಸದಲ್ಲಿದ್ದ. ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಬರೆದಿತ್ತು: ‘ಹೋಸಿಯಾ ಮೊದಲು ತೀರಿಕೊಂಡರೆ ಲುವೀನಿಯಳಿಗೆ ಬದುಕುಳಿದವರ ಪಿಂಚಣಿ ಸಿಗತಕ್ಕದ್ದು.’ “ಆದೇಶ ನಿಮ್ಮ ಪೆಟ್ಟಿಗೇಲಿದ್ರೆ ಪ್ರಯೋಜನ ಇಲ್ಲ” ಎಂದು ವಕೀಲೆ ಎಚ್ಚರಿಸಿದಳು. “ಕೋರ್ಟಿನ ಮುದ್ರೆ ಇರುವ ಪ್ರತಿ ಪಿಂಚಣಿ ಕಚೇರಿಗೆ ತಲುಪಬೇಕು.”

ಹೋಸಿಯಾ ಕೊನೆಯ ದಿನದ ಕಾಗದ ಹಾಕುತ್ತ ಬಂದಾಗ ಲುವೀನಿಯಳ ಮನೆ ಮುಂದಿನ ಅಂಚೆಪೆಟ್ಟಿಗೆಯಲ್ಲಿ, ಒಯ್ಯಬೇಕಾದ ಕಾಗದ ಇದೆ ಎಂದು ತಿಳಿಸುವ ಕೆಂಪು ಬಾವುಟ ಮೇಲೆದ್ದಿತ್ತು. ಪಕ್ಕದಲ್ಲಿ ಅವಳೇ ಆದೇಶದ ಪ್ರತಿ ಇದ್ದ ಲಕೋಟೆ ಹಿಡಿದು ನಿಂತಿದ್ದಳು.

“ಪೆಟ್ಟಿಗೇಲಿ ಹಾಕಿದ್ರೆ ಸಾಕಿತ್ತಲ್ಲ. ನಾನು ತಗೊಂಡು ಹೋಗ್ತಿರ್ಲಿಲ್ವಾ?” ಎಂದ ಅವನು.

“ತಗೊಂಡು ಹೋಗ್ತಿದ್ದೆ, ಗೊತ್ತು” ಎಂದಳು ಲುವೀನಿಯ. “ರಸೀದಿ ಕೊಡು.”

ಅವನು ನಗುತ್ತಲೇ ಬರೆದುಕೊಟ್ಟ. ಅವಳು ಅದನ್ನು ಅಲ್ಲೇ ನಿಂತು ಓದಿ, ಆಮೇಲೆ ಬಾವುಟ ಇಳಿಸಿದಳು.

ಓದುತ್ತಿರುವ ಸೋದರಿಯರೇ, ನಿಮ್ಮ ಮಾಜಿ ಗಂಡ ಅಮೆರಿಕದ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದರೆ ನಿಮ್ಮ ವಿಚ್ಛೇದನದ ಆದೇಶವನ್ನು ಇವತ್ತೇ ಹೊರತೆಗೆಯಿರಿ. ಅವರು ಬದುಕಿದ್ದಾಗ ನಿಮಗೇನು ಸಿಗುತ್ತದೆ ಎಂದು ನೋಡಿದರೆ ಸಾಲದು, ಅವರು ಹೋದ ಮೇಲೆ ಏನು ಎಂದೂ ನೋಡಿ. ಅರ್ಥವಾಗದಿದ್ದರೆ ಈ ಕೆಲಸ ತಿಳಿದ ವಕೀಲರನ್ನು ಕೇಳಿ. ಮಾಜಿ ಗಂಡನ ನಿವೃತ್ತಿಗೆ ಮೊದಲೇ ಕೇಳಿ. ಸರ್ಕಾರಿ ಕೆಲಸದಲ್ಲಿರುವುದು ನೀವೇ ಆದರೆ, ನಿಮ್ಮ ಮಾಜಿ ಸಂಗಾತಿಗೆ ಕೊಟ್ಟ ಮಾತನ್ನು ಬಾಯಲ್ಲೇ ಉಳಿಸಬೇಡಿ. ಅರ್ನೆಸ್ಟೀನ್ ಈಗ ಪ್ರತಿ ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಹೆಂಗಸರನ್ನು ಒಂದೇ ಪ್ರಶ್ನೆ ಕೇಳುತ್ತಾಳೆ. ಅದನ್ನೇ ನಾನು ನಿಮ್ಮನ್ನೂ ಕೇಳುತ್ತಿದ್ದೇನೆ: ‘ಬದುಕಿರುವವರೆಗೆ’ ಎಂದು ಬರೆದಿದೆಯಲ್ಲ, ಯಾರು?